ಮಜ್ಜಿಗೆಹುಲ್ಲು

ಕಮ್ಮನಹಳ್ಳಿ, ಎರಡನೇ ಮಹಡಿ, ಮಲೇಷ್ಯಾ ಹೋಟೆಲು.
ಚಿಕ್ಕಮ್ಮನಿಗೆ ಮೀನು ಆಗದು, ಮೊಟ್ಟೆ ಆಗದು;
ಅವಳ ಮಗಳು ಇಂಚರಾಗೆ ಅವಲ್ಲದೆ
ಹಾಲು, ಮೊಸರು, ತುಪ್ಪ, ಹೋದ ತಿಂಗಳಿಂದ ಜೇನೂ.
ನಡುವೆ ನಾನು, ಮೆನು ಹಿಡಿದ ದುಭಾಷಿ.

'ಲಕ್ಸಾ?'
ಮಾಣಿ ಒಳಹೋಗಿ ಬಂದ: 'ಸಿಗಡಿ ಇದೆ ಮೇಡಂ.'
'ಬದನೆಕಾಯಿ?' 'ಅದರಲ್ಲೂ.'
'ಈ ಸೊಪ್ಪು?' ಮತ್ತೆ ಹೋದ, ಮತ್ತೆ ಬಂದ,
ತಪ್ಪು ತನ್ನದೇ ಎಂಬಂತೆ ಕತ್ತು ಕೆರೆದುಕೊಂಡ:
'ಕಣ್ಣಿಗೆ ಕಾಣಲ್ಲ. ಅರೆದಿರ್ತಾರೆ.'

ಉಳಿದದ್ದು ರೊಟ್ಟಿ. ಅದಕ್ಕೂ ತುಪ್ಪ.
ಚಿಕ್ಕಮ್ಮ ಚೀಲದ ಜಿಪ್ ಎಳೆದಳು;
ಒಳಗೆ ಚಕ್ಕುಲಿ ಇರುವುದು ನಮಗಿಬ್ಬರಿಗೂ ಗೊತ್ತು.

ಆಗ ಅಡುಗೆಮನೆಯಿಂದ ನೀರಿನ ಸದ್ದು,
ಒರಳು ತಿಕ್ಕಿ ತೊಳೆಯುವ ಸದ್ದು,
ಸ್ವಲ್ಪ ಹೊತ್ತು ಏನೂ ಇಲ್ಲ,
ಆಮೇಲೆ ಕುಟ್ಟತೊಡಗಿದರು.
ಒಣಮೆಣಸಿನ ಘಾಟಿಗೆ ಪಕ್ಕದ ಮೇಜೂ ಸೀನಿತು.
ಚಿಕ್ಕಮ್ಮ ಮೂಗರಳಿಸಿದಳು:
'ಬೆಳ್ಳುಳ್ಳಿ ಈಗ ಬಿತ್ತು. ಇದು... ಮಜ್ಜಿಗೆಹುಲ್ಲು.'
'ಮಜ್ಜಿಗೆಯಾ?' ಇಂಚರಾ ಬೆಚ್ಚಿದಳು.
'ಹುಲ್ಲು ಕಣೇ, ಹುಲ್ಲು.'

ಬಾಳೆಲೆ ಬಂತು. ತೆಂಗಿನಹಾಲಲ್ಲಿ ಬೆಂದ ಅನ್ನ,
ಹುರಿದ ಕಡಲೆಕಾಯಿ, ಸೌತೆಕಾಯಿ,
ಆಗಷ್ಟೇ ಅರೆದ ಕೆಂಪು ಚಟ್ನಿ.
ಮೂವರೂ ಮಾತಾಡಲಿಲ್ಲ.

ಕೊನೆಯ ತುತ್ತಿಗೆ ಚಿಕ್ಕಮ್ಮ,
ಮಗಳತ್ತ ನೋಡದೆ, ಮೆಲ್ಲಗೆ:
'ಒಂಚೂರು ಮೊಸರು ಸಿಗತ್ತೇನಪ್ಪ?'

ಮಾಣಿ ನಮ್ಮಿಬ್ಬರ ಮುಖ ನೋಡಿ
ಐದನೇ ಸಲ ಒಳಗೆ ನಡೆದ.