ಯಾವ ತೋಳು?

ಅಕ್ಟೋಬರಿನ ಮೂರನೆಯ ಮಂಗಳವಾರ,
ಮಧ್ಯಾಹ್ನ ಮೂರರಿಂದ ಆರು,
ಶಾಲೆಯ ಊಟದ ಹಾಲಿನಲ್ಲಿ
ಊರಿನ ಸಂಬಳ ತಿನ್ನುವವರಿಗೆಲ್ಲ ಫ್ಲೂ ಸೂಜಿ.
ಪಟ್ಟಿ ನನ್ನ ಕೈಲಿ. ನಾನು ಊರಿನ ಗುಮಾಸ್ತೆ.
ಹುಟ್ಟು, ಸಾವು, ಮದುವೆ, ನಾಯಿ ಲೈಸೆನ್ಸು,
ಎಲ್ಲಕ್ಕೂ ಇದೇ ಪೆನ್ನು.

ಕೆನಡಾದ ಗಡಿ ಇಲ್ಲಿಂದ ನಲವತ್ತು ಮೈಲಿ.
ಚಳಿ ಅಲ್ಲಿಂದ ಹೊರಟಿದೆಯಂತೆ.
ನದಿಯಾಚೆ ಮುಚ್ಚಿಹೋದ ಕಾಗದದ ಗಿರಣಿಯ ಚಿಮಣಿ
ಪಿಂಚಣಿದಾರನ ಹಾಗೆ ಬಿಸಿಲು ಕಾಯಿಸುತ್ತಿದೆ.

ಮಕ್ಕಳ ಬೆಂಚು ಗಿಡ್ಡ.
ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು
ಸರದಿ ಕಾಯುತ್ತಾರೆ.
ಮಧ್ಯಾಹ್ನದ ಟೊಮೆಟೊ ಸೂಪಿನ ವಾಸನೆ,
ಅದರ ಮೇಲೆ ತೆಳ್ಳಗೆ ಸ್ಪಿರಿಟ್ಟಿನದು.

ಮಾರ್ಚಿಯ ಊರ ಸಭೆಯೂ ಇಲ್ಲೇ ನಡೆದದ್ದು.
ಅಂದೂ ಇವರೇ. ಅಂದೂ ತೋಳೇರಿಸಿದ್ದರು.
ಅರ್ಮಾಂ ಪೆಲ್ಟಿಯೇ ಎದ್ದು ನಿಂತು,
'ಹಿಮ ತಳ್ಳುವ ಲಾರಿಗೆ ಹದಿನೇಳು ವರ್ಷ,
ತಳ ತುಕ್ಕು ತಿಂದು ಬೂಟಿನ ಕೆಳಗೆ ರಸ್ತೆ ಕಾಣುತ್ತದೆ,
ನಿಮಗೆ ಪಿಟೀಲು ಮೇಷ್ಟ್ರು ಬೇಕೆ?' ಎಂದಿದ್ದ.
ಮೂರನೇ ಕ್ಲಾಸಿನ ಓಡೆಟ್ ಲಜೋಯ್,
'ಹಿಮ ಮೇ ತಿಂಗಳಿಗೆ ತಾನೇ ಕರಗುತ್ತದೆ,
ಪೆದ್ದುತನ ಕರಗುವುದಿಲ್ಲ' ಎಂದಿದ್ದಳು.
ನಡಾವಳಿ ಬರೆದವಳು ನಾನೇ:
ಲಾರಿಗೆ ಎಪ್ಪತ್ತೊಂದು, ಪಿಟೀಲಿಗೆ ಅರವತ್ತೆಂಟು.
ಆಮೇಲೆ ಇಬ್ಬರೂ ಅಂಚೆಮನೆಯಲ್ಲಿ ಎದುರಾದರೆ
ಗೋಡೆಯ ಮೇಲಿನ ಅಂಚೆದರ ಓದುತ್ತಾರೆ.

ನರ್ಸು ಇಫ್ರಾ ವರ್ಸಮೆ.
ಎಂಟನೆಯ ವಯಸ್ಸಿಗೆ ಸೊಮಾಲಿಯಾದಿಂದ ಈ ಊರಿಗೆ ಬಂದು
ಓಡೆಟ್ ಬಳಿಯೇ ಎಬಿಸಿ ತಿದ್ದಿದವಳು.
ಎಲ್ಲರಿಗೂ ಅವಳದು ಒಂದೇ ಪ್ರಶ್ನೆ: 'ಯಾವ ತೋಳು?'
ಸುಲಭದ್ದೇನಲ್ಲ. ನಾಳೆ ನೋಯುವುದು ಯಾವುದು,
ನಾಳೆ ದುಡಿಯುವುದು ಯಾವುದು,
ನಿಂತಲ್ಲೇ ತೀರ್ಮಾನಿಸಬೇಕು.

ಅಡುಗೆಯ ಗ್ಲೆನಿಸ್ ಎಡಗೈ ಕೊಟ್ಟಳು;
ಬಲಗೈ ತುಂಬ ಒಲೆಯ ಬಾಗಿಲು ಎಳೆದ ಕಂದು ಬರೆ.
ಕಟ್ಟಡ ಇನ್ಸ್‌ಪೆಕ್ಟರ ಅಂಗಿ ಮಡಚಿದರೆ
ಹಚ್ಚೆಯಲ್ಲೊಂದು ಹೆಸರು. ಹೆಂಡತಿಯದಲ್ಲ
(ಮದುವೆ ರಿಜಿಸ್ಟರು ನನ್ನ ಬೀರುವಿನಲ್ಲೇ ಇದೆ).
ನೀರು ಸರಬರಾಜಿನ ಹುಡುಗ ಕಣ್ಣು ಮುಚ್ಚಿ ಎಣಿಸಿದ.
ಎರಡಕ್ಕೇ ಮುಗಿದಿತ್ತು; ಹತ್ತರ ತನಕ ಎಣಿಸಿದ.
ಕಸದ ಲಾರಿಯ ಮರ್ಲ್
'ನನಗೆ ಇದೆಲ್ಲ ಆಗಿಬರುವುದಿಲ್ಲ' ಎಂದು
ಎರಡು ಬಿಸ್ಕತ್ತು ತಿಂದು ಹೊರಟುಹೋದ.
ಅವನ ತೋಳು ಅವನದು. ಹೆಸರಿನ ಮುಂದೆ ಗೀಟು ಹಾಕಿದೆ.

ಅರ್ಮಾಂ ಕೂತೇ ಇದ್ದ.
ಬಲಗೈ ಸನ್ನೆಯೆಳೆದು ಹಿಮದ ಹಲಗೆ ಎತ್ತಬೇಕು,
ಎಡಗೈ ಸ್ಟೀರಿಂಗು ಹಿಡಿಯಬೇಕು.
ಪಕ್ಕದಲ್ಲಿ ಓಡೆಟ್; ಸ್ವೆಟರಿನ ತೋಳು ಬಿಗಿ,
ಮೊಣಕೈ ದಾಟುತ್ತಿಲ್ಲ.
ಅವಳತ್ತ ನೋಡದೆಯೇ ಕೇಳಿದ:
'ನೀನು ಬರೆಯುವುದು ಯಾವುದರಲ್ಲಿ?'
'ಎಡದಲ್ಲಿ. ನಿನ್ನ ಮಗನಿಗೂ ಇದರಲ್ಲೇ ಕಲಿಸಿದ್ದು.'
'ಗೊತ್ತು. ಅವನ ಅಕ್ಷರ ಇವತ್ತಿಗೂ ಕಾಗೆ ಕಾಲು ಗುಬ್ಬಿ ಕಾಲು.'

ಏಳು ತಿಂಗಳ ಮೇಲೆ ಇಷ್ಟು ಮಾತು.
ನನ್ನ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.
ಸೂಜಿ ಹೋಗುವಾಗ ಇಬ್ಬರೂ ಹಲ್ಲು ಕಚ್ಚಿದರು,
ಬೇರೆ ಬೇರೆಯಾಗಿ.

ಆರಕ್ಕೆ ಐದು ನಿಮಿಷವಿದ್ದಾಗ ಇಫ್ರಾ ನನ್ನತ್ತ ತಿರುಗಿದಳು.
ಊರನ್ನೆಲ್ಲ ಯೋಚನೆಗೆ ಹಚ್ಚಿದ ಪ್ರಶ್ನೆಗೆ
ಯೋಚಿಸದೆ ಪೆನ್ನಿನ ಕೈಯನ್ನೇ ಚಾಚಿಬಿಟ್ಟೆ.

ಇವತ್ತು ಬೆಳಿಗ್ಗೆ
ಅರ್ಧ ಊರು ಒಂದು ಭುಜ ಇಳಿಬಿಟ್ಟು ನಡೆಯುತ್ತಿದೆ.
ಶಾಲೆಯ ತಿರುವಿನಲ್ಲಿ ಫೇ ಹ್ಯಾಸ್ಕೆಲ್
ನಿಲ್ಲಿ ಎಂಬ ಕೆಂಪು ಫಲಕವನ್ನು ಎಡಗೈಗೆ ಬದಲಿಸಿದ್ದಾಳೆ.
ಫಲಕ ಕೊಂಚ ವಾಲಿದೆ. ವಾಹನಗಳು ನಿಲ್ಲುತ್ತವೆ.

ಕಚೇರಿಯಲ್ಲಿ ನನ್ನ ಮೊದಲ ಗಿರಾಕಿ
ಕಂದು ಬಣ್ಣದ ಒಂದು ಮರಿ, ಒಡೆಯನ ಜೊತೆ.
ಲೈಸೆನ್ಸಿಗೆ ಸಹಿ ಹಾಕಲು ಕೈ ಏಳುತ್ತಿಲ್ಲ.
ರೇಬಿಸ್ ಸೂಜಿಯ ಚೀಟಿ ಲಗತ್ತಿಸಿದ್ದಾರೆ,
ಎಲ್ಲ ಸರಿಯಾಗಿದೆ.
ಯಾವ ಕಾಲಿಗೆ ಎಂದು ಬರೆದಿಲ್ಲ.