ದರದ ಮಾರಿ

ಸಾಖರ ಪೇಠದಾಗ ನೂಲಿನ ಗೋದಾಮಿನ ಮ್ಯಾಲಿನ ಖೋಲಿ.
ಮಂಗಳವಾರ ರಾತ್ರಿ ಕಮತಗಿ ಮಾಸ್ತರನ ಕ್ಲಾಸು.
ಹನ್ನೊಂದು ಮಂದಿ ನಾವು, ರೆಪ್ಪಿ ಮ್ಯಾಲ ಹತ್ತಿ ಧೂಳು,
ಕಿವಿಯೊಳಗ ಇನ್ನೂ ಮಗ್ಗದ ಖಟಖಟ,
ಅದಕ್ಕ ಮಾಸ್ತರ ಏನು ಹೇಳಿದ್ರೂ ಒದರೇ ಹೇಳಬೇಕು.

ಆ ವಾರ ನೂಲು ಕಿಲೋಕ್ಕ ಒಂಬತ್ತು ರೂಪಾಯಿ ಏರಿತ್ತು.
ಟವೆಲ್ಲು ಇದ್ದ ದರಕ್ಕೇ ಕೂತಿತ್ತು.
ನಡುವ ನಮ್ಮ ಪಗಾರ,
ಬಾಗಲಸಂದ್ಯಾಗ ಸಿಕ್ಕ ಬೆರಳಿನಂಗ.

ಅಂಬಾದಾಸ ಚಿಲವೇರಿ ಕಿಸೆದಾಗಿಂದ ಹಳದಿ ಕಾಗದ ತೆಗೆದ.
ಮರಾಠಿ ಅಕ್ಷರ. ನಡುವ ಒಂದು ಚಿತ್ರ:
ಉದ್ದ ಮೂಗಿನ ಮನಷ್ಯಾಗ ಎಂಟು ಕೈ,
ಎಂಟೂ ಕೈಯಾಗ ಹಿಡದ ಭೂಮಿಯ ಗುಂಡು.
"ಜಗತ್ತಿನ ದರೆಲ್ಲ ಯಹೂದಿಗಳೇ ಕಟ್ಟತಾರಂತ.
ನಾವು ನೇಯತೀವಿ, ಅವರು ಎಣಸತಾರ."
ನಮಗ ಖರೇ ಅನಸಿತು.
ಸಿಟ್ಟಿಗೆ ಕೂಡಲಿಕ್ಕೆ ಒಂದು ಕಟ್ಟಿ ಸಿಕ್ಕಂಗಾತು.

ಮೂಲ್ಯಾಗ ಕೆಮ್ಮತಿದ್ದ ಮೆಹಬೂಬಚಾಚಾ ಬಾಯಿಬಿಟ್ಟ:
"ಯಹೂದಿ ಅಂದ್ರ ನಮ್ಮ ಎಲೀಜಾ ಮಿಸ್ತ್ರಿ ಅಲ್ಲೇನೋ?"

ಹಳೇ ಮಿಲ್ಲಿನ ಎಣ್ಣಿಡಬ್ಬಿ ಎಲೀಜಾ ಚೇವುಲಕರ.
ಮಗ್ಗದ ಹೊಟ್ಟಿ ಕೆಳಗ ಅಂಗಾತ ಬಿದ್ದಾಂವ, ಮಾರಿತುಂಬ ಗ್ರೀಸು,
ಶನಿವಾರ ಮಾತ್ರ ಪಾನಾ ಮುಟ್ಟತಿದ್ದಿಲ್ಲ.
ಕೊಂಕಣದಾಗ ಅವನ ಅಜ್ಜಂದಿರು ಗಾಣ ಹಾಕತಿದ್ದರಂತ,
ಊರು ಅವರನ್ನ ಶನಿವಾರದ ತೇಲಿಗಳು ಅಂತಿತ್ತಂತ.
ನಾವು ಅಂವನ್ನ ಕಿರಿಸ್ತಾನ ಅಂತ ತಿಳಕೊಂಡಿದ್ದೆವು.
"ಮಿಲ್ಲಿನ ಭೋಂಗಾ ಬಂದಾದ ವರ್ಷ ಠಾಣೆಕ್ಕ ಹೋದ," ಅಂದ ಚಾಚಾ,
"ನನ್ನ ಹಂತ್ಯಾಕ ಇಸಗೊಂಡ ಇಪ್ಪತ್ತು ರೂಪಾಯಿ ಇನ್ನೂ ಬಂದಿಲ್ಲ."
ನಕ್ಕೆವು. ಜಗತ್ತಿನ ಖಜಾನಿಯವ!

ಅಂಬಾದಾಸ ನಗಲಿಲ್ಲ.
"ಅಂವ ಬ್ಯಾರೆ. ನಾ ಹೇಳೂದು ಕಾಣದಿರೋ ಯಹೂದಿದು."

ಮಾಸ್ತರ ಹೆಗಲಿನ ಟವೆಲ್ಲು ಇಳಿಸಿ ಮೇಜಿನ ಮ್ಯಾಲ ಹಾಸಿದ.
"ಕಾಣದಿರೋದು. ಅಲ್ಲೇ ತಡೀರಿ.
ಇದಕ್ಕ ಎರಡು ಮೈ ಅದಾವ.
ಒಂದು ಬೆವರು ಒರಸತದ, ತೊಯ್ಯತದ, ಹರೀತದ.
ಇನ್ನೊಂದು ತೊಯ್ಯೂದಿಲ್ಲ. ಎಂಬತ್ತು ರೂಪಾಯಿ, ಅಷ್ಟೇ ಅದರ ಹೆಸರು.
ಒರಸೋ ಮೈ ನಮ್ಮದು, ನಮ್ಮ ಕೈ, ನಮ್ಮ ಮಣ್ಣು ಅಂತೀವಿ.
ಎಣಿಸೋ ಮೈ ಹೊರಗಿನವರು ತಂದದ್ದು ಅಂತೀವಿ.
ದರಕ್ಕ ಮಾರಿ ಇಲ್ಲ. ಹಂಗಂತ
ಯಾರದರೆ ಮಾರಿ ಕಿತ್ತು ಅದಕ್ಕ ಹಚ್ಚತೀವಿ.
ಜರ್ಮನಿಯೊಳಗ ಹಚ್ಚಿದರು. ಹಚ್ಚಿ,
ಆ ಮಾರಿ ಇದ್ದವರನ್ನೆಲ್ಲ ರೈಲಿಗೆ ತುಂಬಿದರು.
ಕೂಸುಗಳನ್ನೂ.
ದರ ಸುಡಲಿಲ್ಲ. ಮಂದೀನ್ನ ಸುಟ್ಟರು."

ಮಾಸ್ತರ ಈ ಸಲ ಒದರಿದ್ದಿಲ್ಲ. ಆದರೂ ಕೇಳಿಸಿತು.
"ಹಾಸು ಒಳ್ಳೇದು, ಹೊಕ್ಕು ಕೆಟ್ಟದ್ದು
ಅನ್ನೋ ನೇಕಾರನ್ನ ಎಲ್ಲೆರೆ ನೋಡೀರೇನು?"

ನೋಡಿದ್ದೆ. ನಾನೇ ಅಂವ.

ಶುಕ್ರವಾರ ನೂಲು ಮತ್ತ ಏರಿತು.
ಯಹೂದಿ ಎಲ್ಲಿಂದ ತರೂದು? ನೇಮಿಚಂದ ದಲಾಲ ಇದ್ದ,
ಎರಡು ಓಣಿ ಆಚೆ, ಹಸರು ಕದದ ಪೇಢಿ.
ಪುಣ್ಯಾತ್ಮ ಏನಲ್ಲ, ತೂಕದಾಗ ಹೊಡೀತಿದ್ದ.
ಇನ್ನೂರು ಮಂದಿ ಹ್ವಾದೆವು. ನನ್ನ ಕೈಯಾಗ ಹಳೇ ಬಾಬಿನ್ನು.
ಅಂವ ಹಿತ್ತಲದಿಂದ ಓಡಿದ್ದ,
ಬೂಟು ಬಿಟ್ಟು, ಅರ್ಧ ಉಂಡ ತಾಟು ಬಿಟ್ಟು.
ಕಪಾಟು ಒಡದ್ವಿ. ವಹಿ ಹರದ್ವಿ.
ಹರಿಯೋ ಮುಂದ ಕಣ್ಣಿಗೆ ಬಿತ್ತು:
ನಾವು ಅಂವಗ ಕೊಡೂದು ಬಲಕ್ಕಿತ್ತು,
ಅಂವ ಕೊಯಮತ್ತೂರಿಗೆ ಕೊಡೂದು ಎಡಕ್ಕ,
ಎಡಗಡೆ ಪಟ್ಟಿ ಉದ್ದ.

ಮಂದಿ ಚದರಿದ ಮ್ಯಾಲೂ ನಾ ನಿಂತಿದ್ದೆ. ಯಾಕೋ.
ಯಾರೂ ಇಲ್ಲದ ಪೇಢಿಯೊಳಗ ಫೋನು ಹೊಡಕೊಳ್ಳಾಕ ಹತ್ತಿತು.
ಎತ್ತಿದೆ.
ಆ ಕಡೆ ಒಬ್ಬ ಹುಡುಗ, ನಿದ್ದಿಗೆಟ್ಟ ದನಿ,
ಅಂವಗ ಇನ್ಯಾರೋ ಹಿಂದಿಂದ ಹೇಳತಿದ್ದರು, ಅಂವ ನನಗ ಹೇಳಿದ:
"ಇಪ್ಪತ್ತರ ನೂಲು, ಇನ್ನೆರಡು ರೂಪಾಯಿ ಏರ್ಯದ."
ಆಮ್ಯಾಲ, "ಬರಕೊಂಡ್ರೇನು?"

ನೆಲದ ಮ್ಯಾಲ ವಹಿಯ ಚೂರು,
ನನ್ನ ಕಿವಿಗೆ ಸಿಗಿಸಿದ್ದ ಪೆನ್ಸಿಲು.
ಬರಕೊಂಡೆ.