ತಳಕ್ಕೆ ಹೋದ ಪೆಡಲು

ಇಬ್ರಾಹಿಂಪುರ ಗೇಟಿನ ಹತ್ತಿರ ಕ್ಲಚ್ಚು ಒತ್ತಿದಳು
ಕಸ್ತೂರವ್ವ, ಕಲಿಯಲು ಬಂದು ಆರನೇ ದಿನ.
ಕಾಲು ತಳಕ್ಕೆ ಹೋಯಿತು, ಪೆಡಲೂ ಹೋಯಿತು.
ಕಾಲು ಮರಳಿ ಬಂತು.

"ನಾ ಏನರೆ ಮುರದನೇನ್ರಿ ಸರ್?"
ಹಿಂದೆ ಟ್ರ್ಯಾಕ್ಟರಿನವ ಹಾರ್ನಿನ ಮೇಲೆ ಕೈ ಇಟ್ಟವ
ತೆಗೆಯಲೇ ಇಲ್ಲ.

ಅಥಣಿ ರಸ್ತೆಯ ಗ್ಯಾರೇಜಿನಲ್ಲಿ ರಾಜೇಸಾಬ ತಾಂಬೋಳಿ
ಸಿಲಿಂಡರ್ ಬಿಚ್ಚಿ ಅಂಗೈಗೆ ಸುರಿದುಕೊಂಡ:
ಎಣ್ಣೆಯಲ್ಲ, ಕಾಡಿಗೆ.
ಕಾಲಡಿಯ ಚಾಪೆ ಮಾತ್ರ ಒಣಗಿಯೇ ಇತ್ತು.
"ಒಳಗಿಂದೊಳಗ ಜಾರ್ತದ್ರಿ. ಹೊರಗ ತೋರಂಗಿಲ್ಲ."

ಉಂಗುರದಷ್ಟು ಒಂದು ರಬ್ಬರು,
ತುಟಿ ಉಬ್ಬಿ, ಒಂದು ಕಡೆ ಹರಿದು.
ಕೊಳವೆಯ ಒಳಗೋಡೆಗೆ ತುಕ್ಕಿನ ಗೀರು.
"ಈ ವಿಜಾಪುರದಾಗ ನೀರು ಎಲ್ಲಿಂದ ಬಂತೋ ಮಾರಾಯಾ?"
"ಈ ಎಣ್ಣಿಗೆ ನೀರಿನ ಹುಚ್ಚರಿ, ಗಾಳ್ಯಾಗಿಂದನ ಕುಡಿತದ.
ಎರಡು ವರ್ಷಕ್ಕ ಬದಲಿ ಮಾಡಸ್ರಿ ಅಂದಿದ್ದೆ,
ನೀವು ಎಂಟು ವರ್ಷ ಮ್ಯಾಲ ಮ್ಯಾಲ ತುಂಬಿದ್ರಿ."

ತುಂಬಿದೆ, ಹೌದು.
ಒಮ್ಮೆ ಅವಸರಕ್ಕೆ ಕೈಗೆ ಸಿಕ್ಕ ಯಾವುದೋ ಬಾಟಲಿಯಿಂದಲೂ.
ಅದನ್ನು ಅವನಿಗೆ ಹೇಳಲಿಲ್ಲ.

ಕಲಿಯುವವರು ಬ್ರೇಕಿಗಿಂತ ಕ್ಲಚ್ಚನ್ನೇ ನಂಬುತ್ತಾರೆ.
ಎಮ್ಮೆ ಕಂಡರೆ ಒತ್ತು, ಟಾಂಗಾ ಕಂಡರೆ ಒತ್ತು,
ಪರಿಚಯದವರು ಕೈ ಬೀಸಿದರೂ ಒತ್ತು.
ಬಗಲಿಗೆ ಕೂತ ನನಗೂ ಒಂದು ಜೋಡಿ ಪೆಡಲು,
ಅದರ ಮೇಲೆ ಸದಾ ಅರ್ಧ ಭಾರದ
ನನ್ನ ಈ ಎಡಗಾಲು.

ನಾಲ್ಕನೇ ದಿನ ಹೊಸ ಸಿಲಿಂಡರಿನ ಗಾಡಿ ಹತ್ತಿ,
ಸೆರಗು ಸಿಗಿಸಿ, ಕನ್ನಡಿ ಸರಿಮಾಡಿ,
ಕೆಳಗೆ ನೋಡಿದಳು ಕಸ್ತೂರವ್ವ:
"ಮೊದಲ ನಿಮ್ಮ ಕಾಲು ತಗೀರಿ ಸರ್."